ಆಯುಧಪೂಜೆಗೆ ನೋಡಿಕೊಂಡರಾಯಿತು

ನನ್ನ ಹೆಸರು ಮಹದೇವು. ಬೆಳಕವಾಡಿಯವನು. ಡೀಸೆಲ್ ಇಂಜಿನ್ ರಿಪೇರಿಗೆ ಕೈ ಹಾಕಿ ಇಪ್ಪತ್ತೆರಡು ವರ್ಷವಾಯಿತು. ಮಳವಳ್ಳಿ ಕಡೆ ಯಾವುದಾದರೂ ಇಂಜಿನ್ ಕೆಮ್ಮಿದರೆ, ಯಾಕೆ ಕೆಮ್ಮಿತು ಎಂದು ರಸ್ತೆಯ ಈಚೆ ನಿಂತೇ ಹೇಳಬಲ್ಲೆ. ಇದು ಜಂಬ ಅನ್ನಿಸಿದರೆ ಅನ್ನಿಸಲಿ. ಆ ಜಂಬ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುವುದಕ್ಕೇ ಕೂತಿದ್ದೇನೆ.

ಕೆಲಸ ಕಲಿತದ್ದು ಶಿವಪುರದ ಹತ್ತಿರ, ಲಿಂಗಯ್ಯ ಮೇಸ್ತ್ರಿಯ ಶೆಡ್ಡಿನಲ್ಲಿ. ಮೇಸ್ತ್ರಿ ಈಗಿಲ್ಲ. ಮದ್ದೂರಿನಿಂದ ಮಳವಳ್ಳಿಯವರೆಗಿನ ಆಲೆಮನೆಗಳಿಗೆಲ್ಲ ಆತನೇ ವೈದ್ಯ. ಆಲೆಮನೆಯಲ್ಲಿ ಕಬ್ಬಿನ ಗಾಣ ತಿರುಗಿಸುವುದು ಡೀಸೆಲ್ ಇಂಜಿನ್. ಕೊಪ್ಪರಿಗೆ ಒಲೆಯ ಮೇಲಿರುವಾಗ ಇಂಜಿನ್ ನಿಂತರೆ ಕಬ್ಬಿನ ಹಾಲು ಹುಳಿಯುತ್ತದೆ, ಬೆಲ್ಲ ಕಪ್ಪಾಗುತ್ತದೆ, ಆಲೆಮನೆಯವನು ಮೇಸ್ತ್ರಿಯ ಮೂರು ತಲೆಮಾರನ್ನು ಎಳೆದು ಬೈಯುತ್ತಾನೆ. ಅದಕ್ಕೇ ಲಿಂಗಯ್ಯ ಮೇಸ್ತ್ರಿ ನಮಗೆ ಕಲಿಸಿದ ಮೊದಲ ಪಾಠ: "ಓಡ್ತಿರೋ ಇಂಜಿನ್ನ ಮೈ ಮುಟ್ಬೇಡಿ ಕಣ್ರಲಾ. ಏನಿದ್ರೂ ಆಯ್ದಪೂಜೆಗೆ ನೋಡ್ಕಂಡ್ರಾಯ್ತು." ಆಯುಧಪೂಜೆಯ ಹಿಂದಿನ ವಾರ ಒಂದೊಂದು ಇಂಜಿನ್ನನ್ನೂ ಪೂರ್ತಿ ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಸವೆದದ್ದನ್ನು ಬದಲಿಸುವುದು. ವರ್ಷಕ್ಕೊಂದು ಸಲ ಮೈತೊಳೆದು, ಬೂದುಗುಂಬಳ ಒಡೆದು, ಮತ್ತೆ ಮುಂದಿನ ವರ್ಷದ ತನಕ ಸುದ್ದಿಯಿಲ್ಲ. ಈ ಸೀಮೆಯ ಪಂಪ್‌ಸೆಟ್ಟು, ಟ್ರಾಕ್ಟರು, ಗಾಣ, ಹಿಟ್ಟಿನ ಗಿರಣಿ ಎಲ್ಲ ಬದುಕುತ್ತಿರುವುದು ಇದೇ ಪಂಚಾಂಗದ ಮೇಲೆ.

ಮೇಸ್ತ್ರಿಯ ಶೆಡ್ಡಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಪೂಜೆಗೆ ಸ್ಪ್ಯಾನರು, ಸುತ್ತಿಗೆಗಳನ್ನು ಸಾಲಾಗಿ ಇಡುವ ಹಾಗೇ ಆ ವರ್ಷ ತೆಗೆದ ಹಳೇ ಸಾಮಾನನ್ನೂ ಒಂದು ಮೊರದಲ್ಲಿ ಇಡಬೇಕು. ಸವೆದ ಬೇರಿಂಗು, ಹರಿದ ಬೆಲ್ಟು, ಮಸಿ ಕುಡಿದ ಫಿಲ್ಟರು. ಅವಕ್ಕೂ ಅರಿಸಿನ ಕುಂಕುಮ. "ದುಡಿದು ಸವೆದದ್ದ ಸುಮ್ನೆ ಗುಜರಿಗೆ ಎಸಿಬಾರ್ದು," ಅನ್ನುತ್ತಿದ್ದ. ಆ ಮೊರ ನೋಡಿದರೆ ಯಾವ ಇಂಜಿನ್ನಿಗೆ ಏನು ಕೆಲಸ ಆಗಿದೆ ಎನ್ನುವುದು ಯಾರಿಗೂ ತಿಳಿಯುತ್ತಿತ್ತು. ಎಲ್ಲಿ ಹೋದರೂ ನಾನು ಆ ಮೊರ ಬಿಡಲಿಲ್ಲ.

ಹೋದ ಯುಗಾದಿಗೆ ನಮ್ಮೂರ ಮೇಲಿನ ಹೊಳೆಯಲ್ಲಿ, ಅಣೆಕಟ್ಟೆಗಿಂತ ಒಂದು ಮೈಲಿ ಮೇಲೆ, ಗುತ್ತಿಗೆದಾರನೊಬ್ಬ ಪ್ರವಾಸಿಗರ ಬೋಟು ಇಳಿಸಿದ. ಇಪ್ಪತ್ತನಾಲ್ಕು ಜನ ಕೂರುವ ಬೋಟು, ತಲೆಯ ಮೇಲೆ ನೀಲಿ ಚಾವಣಿ, ಹೆಸರು 'ಹೊಳೆರಾಣಿ'. ಮ್ಯಾನೇಜರು ನಾಗರಾಜಣ್ಣ ಮದ್ದೂರಿನವನು, ನನ್ನನ್ನು ಆಲೆಮನೆ ದಿನಗಳಿಂದ ಬಲ್ಲವನು. ಇಂಜಿನ್ ಮೇಸ್ತ್ರಿ ಕೆಲಸ ನನಗೆ ಕೊಟ್ಟ. ಓಡಿಸುವುದಕ್ಕೆ ಸಿದ್ದರಾಮು ಬಂದ. ಸಿದ್ದರಾಮು ನನ್ನ ಓರಗೆಯವನು, ನಾಲ್ಕನೇ ಕ್ಲಾಸಿನಿಂದ ಗೆಳೆಯ. ಹೊಳೆಯ ಮೇಲೆ ತೆಪ್ಪ ಹಾಕಿಕೊಂಡೇ ಬೆಳೆದವನು. ಎಲ್ಲಿ ಬಂಡೆಯಿದೆ, ಎಲ್ಲಿ ಸುಳಿಯಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಬೋಟು ಓಡಿಸುವ ಲೈಸೆನ್ಸು ಸಿಕ್ಕ ದಿನ ಅದನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗು ಹಾಕಿದ. ಅವನ ಮನೆಯ ಗೋಡೆಯ ಮೇಲೆ ದೇವರು ಬಿಟ್ಟರೆ ಇದ್ದದ್ದು ಅದೊಂದೇ.

ಇಂಜಿನ್ ತೋರಿಸಿಕೊಡಲು ಕಂಪನಿಯಿಂದ ಒಬ್ಬ ಬಂದು ಎರಡು ದಿನ ಇದ್ದ. ಆಲೆಮನೆ ಇಂಜಿನ್ನಿಗೆ ಪಕ್ಕದಲ್ಲಿ ಒಂದು ತೊಟ್ಟಿ ನೀರಿದ್ದರೆ ಆಯಿತು. ಬೋಟಿನ ಇಂಜಿನ್ ಹೊಳೆಯ ನೀರನ್ನೇ ಹೀರಿ, ಮೈ ತಂಪು ಮಾಡಿಕೊಂಡು, ಹಿಂದಿನ ಕೊಳವೆಯಿಂದ ಹೊಗೆಯ ಜೊತೆ ಉಗುಳುತ್ತದೆ. ಆ ನೀರು ಎಳೆಯುವ ಪಂಪಿನೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ರಬ್ಬರ್ ಚಕ್ರವಿದೆ, ಆರು ಎಸಳಿನದು. ಕಂಪನಿಯವನು ಇಂಪೆಲ್ಲರ್ ಅಂದ. ಸಿದ್ದರಾಮು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ರಬ್ಬರ್ ಊವ ಕಣ್ಲಾ ಇದು" ಅಂದ. ಅವತ್ತಿನಿಂದ ನಮ್ಮಿಬ್ಬರಿಗೂ ಅದು ರಬ್ಬರ್ ಹೂವು.

ಇಂಜಿನ್ನಿನ ಪಕ್ಕದಲ್ಲಿ ಅದು ಎಷ್ಟು ಗಂಟೆ ಓಡಿತೆಂದು ತೋರಿಸುವ ಮೀಟರಿತ್ತು. ಓಡಿಸುವವನ ಮುಂದೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು, ಬಿಸಿ ಮೀರಿದರೆ ಕೂಗುವ ಸೀಟಿ. ಎಷ್ಟು ಗಂಟೆಗೆ ಏನು ಮಾಡಬೇಕು ಎಂಬ ಕಾರ್ಡನ್ನು ಕಂಪನಿಯವನು ಹಲಗೆಯ ಒಳಮೈಗೆ ಅಂಟಿಸಿ ಹೋದ. ಇನ್ನೂರೈವತ್ತು ಗಂಟೆಗೆ ಆಯಿಲ್ಲು, ಫಿಲ್ಟರು. ಐನೂರು ಗಂಟೆಗೆ ಅವುಗಳ ಜೊತೆಗೆ ರಬ್ಬರ್ ಚಕ್ರ. ಅದರ ಮುಂದೆ ಒಂದು ಸಾಲು, 'ಚೆನ್ನಾಗಿ ಕಂಡರೂ ಬದಲಿಸಿ'. ಆ ಸಾಲು ನನ್ನನ್ನು ಕೆಣಕಿತು. ಚೆನ್ನಾಗಿರುವುದನ್ನು ಕಿತ್ತು ಎಸೆ ಅನ್ನುವ ಶಾಸ್ತ್ರ ಯಾವುದು? ಇಪ್ಪತ್ತೆರಡು ವರ್ಷ ಸ್ಪ್ಯಾನರ್ ಹಿಡಿದವನಿಗೆ ಒಂದು ಕಾರ್ಡು ಬುದ್ಧಿ ಹೇಳುವುದೇ? ಮನಸ್ಸಿನಲ್ಲೇ ಬೈದುಕೊಂಡೆ.

ಜೂನ್ ತಿಂಗಳ ಇನ್ನೂರೈವತ್ತು ಗಂಟೆಯ ಕೆಲಸ ಒಪ್ಪವಾಗಿಯೇ ಮಾಡಿದೆ. ಮೀಟರ್ ಐನೂರು ತೋರಿಸಿದ್ದು ಆಗಸ್ಟ್ ಹದಿನೈದರ ಮುಂಚೆ. ರಜೆಯ ಸಾಲು. ಶಿವನಸಮುದ್ರದ ಜಲಪಾತ ನೋಡಲು ಬಂದವರೆಲ್ಲ ನಮ್ಮ ದಡಕ್ಕೆ ನುಗ್ಗುತ್ತಿದ್ದರು. ಹೊಸ ರಬ್ಬರ್ ಚಕ್ರ ಪೊಟ್ಟಣದ ಸಮೇತ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿತ್ತು. ಆಯಿಲ್ ಬದಲಿಸಿದೆ, ಆಯಿಲ್ ಫಿಲ್ಟರು ಬದಲಿಸಿದೆ, ಡೀಸೆಲ್ ಫಿಲ್ಟರು ಬದಲಿಸಿದೆ, ಬೆಲ್ಟು ಬದಲಿಸಿದೆ. ಐದನೆಯದು ಪಂಪು. ಅದಿರುವುದು ಇಂಜಿನ್ನಿನ ಕೆಳಗೆ ಹಿಂಬದಿಯಲ್ಲಿ. ಹೊಟ್ಟೆಯ ಮೇಲೆ ಮಲಗಿ, ಒಂದೇ ಕೈ ತೂರಿಸಿ, ಆರು ಸ್ಕ್ರೂ ಬಿಚ್ಚಬೇಕು. ಮೇಲೆ ನಾಗರಾಜಣ್ಣ ಕೂಗುತ್ತಿದ್ದ: "ಆಯ್ತಾ ಮೇಸ್ತ್ರಿ? ಜನ ಕಾಯ್ತಾವ್ರೆ!" ಇಂಜಿನ್ ಹಾಕಿ, ಬಗ್ಗಿ ನೋಡಿದೆ. ಹಿಂದಿನ ಕೊಳವೆಯಿಂದ ನೀರು ಸೊಗಸಾಗಿ ಚಿಮ್ಮುತ್ತಿತ್ತು. ಓಡುತ್ತಿರುವ ಇಂಜಿನ್. ದಸರೆಗೆ ಇನ್ನು ಎರಡೇ ತಿಂಗಳು. ಆಯುಧಪೂಜೆಗೆ ನೋಡಿಕೊಂಡರಾಯಿತು ಅಂದುಕೊಂಡೆ. ಕಾರ್ಡಿನ ನಾಲ್ಕು ಸಾಲಿಗೆ ಕೆಲಸ ಮಾಡಿ ಗುರುತು ಹಾಕಿದ್ದೆ. ಐದನೆಯ ಸಾಲಿಗೆ ಬರೀ ಗುರುತು ಹಾಕಿದೆ.

ಅಷ್ಟಕ್ಕೇ ಮುಗಿದಿದ್ದರೆ ಸೋಮಾರಿತನ ಎಂದು ಬಿಡಬಹುದಿತ್ತು. ಸಿದ್ದರಾಮು ಬೋಟಿನ ಸ್ಟೀರಿಂಗ್ ಚಕ್ರ ಹಿಡಿಯುವ ಮುಂಚೆ ನನ್ನನ್ನು ಕೇಳಿದ.

"ರಬ್ಬರ್ ಊವ ಬದ್ಲಾಯ್ಸಿದ್ಯೇನ್ಲಾ?"

"ಊಂ ಕಣ್ಲಾ," ಅಂದೆ.

ಅವನು ತಲೆಯಾಡಿಸಿ ಬೋಟು ಬಿಟ್ಟ. ನನ್ನ ಮಾತಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಬರುವುದಾದರೂ ಹೇಗೆ, ನಾಲ್ಕನೇ ಕ್ಲಾಸಿನಿಂದ ನಾನು ಅವನಿಗೆ ಸುಳ್ಳು ಹೇಳಿದವನೇ ಅಲ್ಲ.

ಸೆಪ್ಟೆಂಬರ್ ಎರಡನೇ ಭಾನುವಾರ. ಮಂಡ್ಯದ ಪಕ್ಕದ ಯಲಿಯೂರಿನಿಂದ ಒಂದು ಕುಟುಂಬ ಶಿವನಸಮುದ್ರಕ್ಕೆ ಬಂದು ಮಗುವಿನ ಮುಡಿ ಕೊಟ್ಟು, ಹಿಂದಿರುಗುವಾಗ ಬೋಟು ಹತ್ತಿತು. ಇಪ್ಪತ್ತೆರಡು ಜನ. ಅವರಲ್ಲಿ ಹೊಂಬಾಳಮ್ಮ ಎನ್ನುವ ಎಪ್ಪತ್ತರ ಅಜ್ಜಿ. ನೀರಿಗೆ ಹೆದರಿ ಹತ್ತುವುದಿಲ್ಲ ಅಂದವಳನ್ನು ಸಿದ್ದರಾಮುವೇ ಕೈ ಹಿಡಿದು ಹತ್ತಿಸಿಕೊಂಡ. ಬೋಟಿನಲ್ಲಿ ಹಾಡು ಹಾಕಿದ್ದರು. ನಡುಹೊಳೆಯಲ್ಲಿ ಬಂಡೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಬೋಳುತಲೆಯ ಮಗುವಿಗೆ ಅವನ್ನು ತೋರಿಸಲು ಸಿದ್ದರಾಮು ಹಿಂದೆ ತಿರುಗಿದ.

ನಾನು ದಡದಲ್ಲಿ ಟೀ ಕುಡಿಯುತ್ತಿದ್ದೆ. ಇಂಜಿನ್ನಿನ ಸದ್ದು ಒರಟಾಯಿತು. ಲೋಟ ಕೆಳಗಿಟ್ಟು ಎದ್ದು ನಿಂತೆ. ಹಿಂದಿನ ಕೊಳವೆಯಿಂದ ನೀರು ಬರುತ್ತಿರಲಿಲ್ಲ. ಬರೀ ಹೊಗೆ, ಒಣ ಹೊಗೆ. ಏನಾಗಿದೆ ಎಂದು ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ರಸ್ತೆಯ ಈಚೆಯಿಂದ ಹೇಳುವವನಲ್ಲವೇ ನಾನು? ದಡದಿಂದಲೇ ಹೇಳಿದೆ, ನನಗೆ ಮಾತ್ರ ಕೇಳುವ ಹಾಗೆ.

ಇಂಜಿನ್ ಕಚ್ಚಿಕೊಂಡು ನಿಂತಿತು. ಬೋಟು ಅಡ್ಡ ತಿರುಗಿ ಅಣೆಕಟ್ಟೆಯ ಕಡೆಗೆ ಜಾರತೊಡಗಿತು. ಸಿದ್ದರಾಮು ಲಂಗರು ಬಿಟ್ಟ. ಅದು ಮರಳಿನ ಮೇಲೆ ಎಳೆದುಕೊಂಡು ಬಂತೇ ಹೊರತು ಕಚ್ಚಲಿಲ್ಲ. ನಡುಗಡ್ಡೆಯ ಹೊಳೆಮತ್ತಿ ಮರ ಹತ್ತಿರ ಬಂದಾಗ ಅವನು ಹಗ್ಗ ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಹಾರಿದ. ಮರಕ್ಕೆ ಒಂದು ಸುತ್ತು ಹಾಕಿ, ಮಿಕ್ಕ ಹಗ್ಗವನ್ನು ತೋಳಿಗೆ ಸುತ್ತಿಕೊಂಡು ಹಿಂದಕ್ಕೆ ಒರಗಿದ. ಬೋಟು ಜಗ್ಗಿ ನಿಂತಿತು. ಆ ಜಗ್ಗಿಗೆ ಅವನ ಭುಜದ ಮೂಳೆ ಮುರಿಯಿತು. ಬೋಟಿನೊಳಗೆ ಹೊಂಬಾಳಮ್ಮ ಬೆಂಚಿನಿಂದ ಉರುಳಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ತೆಪ್ಪದವರು ಹೋಗಿ ಒಬ್ಬೊಬ್ಬರನ್ನೇ ದಡಕ್ಕೆ ತಂದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆಗದೇ ಇದ್ದದ್ದು ಸಿದ್ದರಾಮುವಿನಿಂದ.

ಮಾರನೆಯ ಬೆಳಿಗ್ಗೆ ಒಬ್ಬನೇ ಪಂಪು ಬಿಚ್ಚಿದೆ. ಆರು ಎಸಳಿನಲ್ಲಿ ಮೂರು ಇರಲಿಲ್ಲ. ಮಳೆಗಾಲದ ಕೆಂಪು ನೀರಿನ ಮರಳು ರಬ್ಬರನ್ನು ತಿಂದುಹಾಕಿತ್ತು. ಎರಡು ತುಂಡು ಪಂಪಿನ ಬಾಯಲ್ಲೇ ಸಿಕ್ಕವು. ಮೂರನೆಯದು ಎಷ್ಟು ತಡಕಿದರೂ ಸಿಗಲಿಲ್ಲ. ಹೊಸದನ್ನು ಪೊಟ್ಟಣದಿಂದ ತೆಗೆದು ಹಾಕಿದೆ. ಗಡಿಯಾರ ನೋಡಿಕೊಂಡೇ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ಅರ್ಧ ಗಂಟೆ! ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ. ಹಳೆಯದನ್ನೂ ಎರಡು ತುಂಡನ್ನೂ ಅದೇ ಪೊಟ್ಟಣಕ್ಕೆ ಹಾಕಿ ಪೆಟ್ಟಿಗೆಯ ತಳಕ್ಕೆ ತಳ್ಳಿದೆ. ಹೊಳೆಗೆ ಎಸೆಯಬಹುದಿತ್ತು. ಯಾಕೋ ಕೈ ಬರಲಿಲ್ಲ.

ನಾಗರಾಜಣ್ಣ ಬಂದು ಕೇಳಿದ: "ಏನಾಗಿತ್ತು ಮೇಸ್ತ್ರಿ? ಕಾರ್ಡಲ್ಲಿ ಎಲ್ಲಾ ಬದ್ಲಾಯ್ಸಿದ್ದೀನಿ ಅಂತ ಅದೆ."

ಬಾಯಿ ತೆರೆದೆ. ನಿಜ ಹೇಳುವುದಕ್ಕೇ ತೆರೆದದ್ದು ಎಂದು ಇವತ್ತಿಗೂ ನನಗೆ ನಾನು ಹೇಳಿಕೊಳ್ಳುತ್ತೇನೆ. ಹೊರಗೆ ಬಂದ ಮಾತು ಬೇರೆ.

"ಪಾಚಿ ಕಟ್ಕಂಡಿತ್ತು. ಬಿಸಿ ಮುಳ್ಳು ಮ್ಯಾಕೆ ಓಯ್ತಿದ್ದಂಗೇ ನೋಡಿ ನಿಲ್ಸಿದ್ರೆ ಇಂಜಿನ್ ಇಷ್ಟು ಕೆಡ್ತಿರ್ಲಿಲ್ಲ."

ಯಾರ ಹೆಸರನ್ನೂ ಹೇಳಲಿಲ್ಲ ನೋಡಿ. ಹೇಳುವ ಅಗತ್ಯವೇ ಇರಲಿಲ್ಲ. ಮುಳ್ಳು ನೋಡಬೇಕಾದವನು ಬೋಟಿನಲ್ಲಿ ಒಬ್ಬನೇ ಇದ್ದದ್ದು.

ಮಳವಳ್ಳಿ ಆಸ್ಪತ್ರೆಗೆ ಹೋದೆ. ಸಿದ್ದರಾಮು ಭುಜಕ್ಕೆ ಕಟ್ಟು ಕಟ್ಟಿಸಿಕೊಂಡು ಕೂತಿದ್ದ. ನನ್ನನ್ನು ಕಂಡು ಎಡಗೈಯಿಂದ ಕಣ್ಣು ಒರೆಸಿಕೊಂಡ. ಮನಸ್ಸಿನಲ್ಲಿ ನಾನು ತಯಾರು ಮಾಡಿಕೊಂಡು ಹೋದದ್ದು ಜಗಳಕ್ಕೆ. ಅವನು ನನ್ನನ್ನು ಬೈದರೆ ನಾನೂ ಬೈಯುವುದು, ಮುಳ್ಳು ಯಾಕೆ ನೋಡಲಿಲ್ಲ ಎಂದು ಕೇಳುವುದು. ಅವನು ಬೈಯಲಿಲ್ಲ.

"ನಂದೇ ತಪ್ಪು ಕಣ್ಲಾ ಮಾದೇವ. ಆ ಮಗೀಗೆ ಅಕ್ಕಿ ತೋರ್ಸ್ತಾ ನಿಂತ್ಬುಟ್ಟೆ. ಸೀಟಿ ಕೂಗಿರ್ಬೇಕು, ಆಡಿನ ಗಲಾಟೆಲಿ ಕೇಳ್ನಿಲ್ಲ. ನೀನು ಅಷ್ಟು ಚೆಂದಾಗಿ ಮಡಗಿದ್ದ ಇಂಜಿನ್ನ ನಾನು ಸುಟ್ಟಾಕ್ಬುಟ್ಟೆ."

"ಬುಡ್ಲಾ, ಆದದ್ದಾಯ್ತು," ಅಂದೆ. ಆ ಮಾತು ಆಡಿದ ನಾಲಿಗೆಗೆ ಏನು ಹೇಳಲಿ? ಅವನಿಗೆ ಸಮಾಧಾನ ಹೇಳಿದ ಹಾಗೂ ಆಯಿತು, ತಪ್ಪನ್ನು ಅವನ ಹೆಗಲಿಗೇ ಬಿಟ್ಟ ಹಾಗೂ ಆಯಿತು. ಅದೂ ಮುರಿದ ಹೆಗಲಿಗೆ.

ಎರಡು ವಾರ ಕಳೆದ ಮೇಲೆ ಅವನು, "ಯಲಿಯೂರ್ಗೆ ಓಗ್ಬೇಕು, ಆ ಅವ್ವನ ಕಾಲಿಗ್ ಬೀಳ್ಬೇಕು, ಕರ್ಕಂಡ್ ಓಯ್ತೀಯಾ?" ಅಂದ. ಬಸ್ಸಿನಲ್ಲಿ ನೂಕಾಟಕ್ಕೆ ಭುಜ ತಡೆಯುವುದಿಲ್ಲ. ಹಾಗಾಗಿ ನನ್ನ ಬೈಕಿನಲ್ಲೇ ಹೋದೆವು. ಮಳವಳ್ಳಿ, ಮದ್ದೂರು, ಮಂಡ್ಯ ದಾಟುವ ತನಕ ಪ್ರತಿ ಗುಂಡಿಗೂ ಅವನು ನನ್ನ ಬೆನ್ನಿನ ಹಿಂದೆ ಹಲ್ಲು ಕಚ್ಚುವುದು ಕೇಳುತ್ತಿತ್ತು. ಶಿವಪುರದ ಹತ್ತಿರ ಮೇಸ್ತ್ರಿಯ ಹಳೇ ಶೆಡ್ಡು ಕಂಡಾಗ ನಾನು ಮುಖ ಆಚೆ ತಿರುಗಿಸಿದೆ.

ಹೊಂಬಾಳಮ್ಮನ ಮನೆ ರೈಲ್ವೆ ಸ್ಟೇಷನ್ನಿನ ಕಡೆಯ ಬೀದಿಯಲ್ಲಿ. ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಬಲಗೈಗೆ ಮೊಣಕೈ ತನಕ ಬಿಳಿ ಕಟ್ಟು. ಅಕ್ಕಪಕ್ಕದ ಹೆಂಗಸರು ಸೇರಿದರು. ಎದುರು ಮನೆಯ ಗಂಡಸರೂ ಬಂದು ನಿಂತರು. ಸಿದ್ದರಾಮು ಅಷ್ಟೂ ಜನದ ಮುಂದೆ ಬಗ್ಗಿ, ಒಂದೇ ಕೈಯಿಂದ ಅವಳ ಪಾದ ಹಿಡಿದ.

"ತಪ್ಪಾಯ್ತು ಕಣವ್ವ. ನಾನು ನೋಡ್ಬೇಕಾಗಿತ್ತು, ನೋಡ್ನಿಲ್ಲ."

"ಬೋಟ್ ಓಡ್ಸೋನು ಮುಂದ್ಕ್ ನೋಡ್ಬೇಕು ಕಣಪ್ಪ," ಅಂದಳು ಹೊಂಬಾಳಮ್ಮ. "ಅಕ್ಕಿಪಕ್ಸಿ ನೋಡ್ತಾ ನಿಂತ್ಕಂಡ್ರೆ ಆದದಾ? ನಮ್ಮ ಎಮ್ಮೆ ನನ್ನ ಕೈ ಬುಟ್ರೆ ಯಾರ್ ಕೈಗೂ ಕರೆಯಕ್ ನಿಂತ್ಕಳಕಿಲ್ಲ. ಇನ್ನ ಮೂರ್ ತಿಂಗ್ಳು ಅದ್ರ ಗತಿ ಏನು?" ಆಮೇಲೆ ಅವನ ತೂಗುಬಿದ್ದ ತೋಳು ನೋಡಿ ಅವಳ ದನಿ ಇಳಿಯಿತು. "ಓಗ್ಲಿ, ಒಪ್ಕಂಡ್ಯಲ್ಲ. ಅಷ್ಟು ಮಾಡೋರೂ ಇಲ್ಲ ಈಗ."

ನಾನು ಬೈಕಿನ ಪಕ್ಕ ನಿಂತಿದ್ದೆ. ಮನೆಯವರು ಯಾರೋ, "ಪಾಪ, ಇವ್ರೂ ದೂರದಿಂದ ಬಂದವ್ರೆ" ಎಂದು ನನಗೊಂದು ಲೋಟ ಕಾಫಿ ತಂದುಕೊಟ್ಟರು. ಬೇಡ ಅನ್ನಲಿಲ್ಲ. ಕುಡಿದೆ. ಬೆಲ್ಲದ ಕಾಫಿ, ಎಮ್ಮೆ ಹಾಲು. ಚೆನ್ನಾಗಿಯೇ ಇತ್ತು, ಅದೇ ನನಗೆ ಇನ್ನೂ ನುಂಗಲಾರದ್ದು.

ಇತ್ತ ಬೋಟಿನಲ್ಲಿ ಇನ್ನೊಂದು ರಗಳೆ ಶುರುವಾಗಿತ್ತು. ತಣ್ಣಗಾಗಿ ಕಚ್ಚು ಬಿಟ್ಟ ಇಂಜಿನ್ನನ್ನು ದಡದಲ್ಲೇ ಓಡಿಸಿ ನೋಡುತ್ತಿದ್ದೆವು, ಆದರೆ ಬಿಸಿ ಮುಳ್ಳು ಎಂದಿಗಿಂತ ಎರಡು ಗೆರೆ ಮೇಲೇ ನಿಲ್ಲುತ್ತಿತ್ತು. ನಾಗರಾಜಣ್ಣ ದಿನಾ ನೋಡಿ ಹಲ್ಲು ಕಡಿಯುತ್ತಿದ್ದ.

"ನೋಡು ಮೇಸ್ತ್ರಿ, ಆ ನನ್ಮಗ ಇಂಜಿನ್ನ ಜಲ್ಮಕ್ಕೇ ಕೆಡಿಸ್ಬುಟ್ಟವ್ನೆ. ತೋಳು ವಾಸಿಯಾದ್ ಮ್ಯಾಲೆ ಬರ್ತೀನಿ ಅಂತ ಏಳ್ ಕಳ್ಸವ್ನೆ. ಅವ್ನ್ನ ಬೋಟ್ ಅತ್ತಿಸಕಿಲ್ಲ ನಾನು. ದಸರಾ ಆದ್ಮೇಲೆ ಬೇರೆಯವ್ನ್ನ ಕರಸ್ತೀನಿ."

ಆ ಭುಜ ಇನ್ನು ತೆಪ್ಪದ ಹುಟ್ಟು ಹಾಕುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೋಟಿನ ಚಕ್ರ ತಿರುಗಿಸುವುದು ಮಾತ್ರ ಅವನ ಕೈಲಾಗುವ ಕೆಲಸ. ಹೊಳೆಯ ಮೇಲೆ ಹುಟ್ಟಿ ಬೆಳೆದವನನ್ನು ಹೊಳೆಯಿಂದ ಆಚೆಗೆ ಹಾಕುತ್ತಿದ್ದದ್ದು ಆ ಎರಡು ಗೆರೆ. ಆ ಎರಡು ಗೆರೆಯ ಕಾರಣ ನನಗೆ ಗೊತ್ತಿತ್ತು. ಸಿಗದೆ ಉಳಿದ ಮೂರನೇ ಎಸಳು ಒಳಗೆಲ್ಲೋ ನೀರಿನ ದಾರಿಗೆ ಅಡ್ಡ ಕೂತಿತ್ತು. ಬಿಚ್ಚಿ ತೆಗೆದರೆ ಇಂಜಿನ್ ಸರಿಹೋಗುತ್ತದೆ. ಸರಿಹೋಯಿತೆಂದರೆ ಏನು ಸಿಕ್ಕಿತು ಎಂದು ಕೇಳುತ್ತಾರೆ. ಅದಕ್ಕೇ ದಿನ ದೂಡಿದೆ. ಯಾರಾದರೂ ಕೇಳಿದರೆ ಬಾಯಿಗೆ ಸಿದ್ಧವಾಗಿದ್ದ ಉತ್ತರ ಹಳೆಯದೇ: ಆಯುಧಪೂಜೆಗೆ ನೋಡಿಕೊಂಡರಾಯಿತು.

ಆಯುಧಪೂಜೆ ಬಂದೇ ಬಂತು. ಹಿಂದಿನ ದಿನ, ಹೊಳೆಯ ನೀರು ಹಾದು ಇಂಜಿನ್ ತಂಪು ಮಾಡುವ ಕೊಳವೆಗಳ ಡಬ್ಬಿ ಬಿಚ್ಚಿದೆ. ಕೊಳವೆಯ ಬಾಯಿಗೆ ಅಂಟಿಕೊಂಡು ಕೂತಿತ್ತು, ಹುಣಿಸೆ ಬೀಜದಷ್ಟು ಕರೀ ರಬ್ಬರ್ ತುಂಡು. ತೆಗೆದು ಹಳೇ ಪೊಟ್ಟಣಕ್ಕೇ ಸೇರಿಸಿ, ಡಬ್ಬಿ ಜೋಡಿಸಿ, ಇಂಜಿನ್ ಹಾಕಿದೆ. ಮುಳ್ಳು ಮೊದಲಿನ ಜಾಗಕ್ಕೇ ಬಂದು ನಿಂತಿತು. ನನಗೆ ಖುಷಿಯಾಗಲಿಲ್ಲ.

ಹಬ್ಬದ ಬೆಳಿಗ್ಗೆ ಹೊಳೆರಾಣಿಗೆ ಬಾಳೆಕಂದು, ಚೆಂಡುಹೂವಿನ ಹಾರ. ತೆಪ್ಪದವರು, ಟಿಕೆಟ್ಟಿನವರು, ಟೀ ಅಂಗಡಿಯವರು ಎಲ್ಲ ಸೇರಿದ್ದರು. ಸಾಮಾನು ಸಾಲಾಗಿ ಇಟ್ಟು, ಪಕ್ಕದಲ್ಲಿ ಮೊರ ಇಟ್ಟೆ. ಸಿದ್ದರಾಮು ಒಂದು ಬೂದುಗುಂಬಳ ಎಡಗಂಕುಳಲ್ಲಿ ಅವುಚಿಕೊಂಡು ಬಂದ. ಯಾರೂ ಅವನನ್ನು ಕರೆದಿರಲಿಲ್ಲ. ನಾಗರಾಜಣ್ಣ ಮುಖ ಗಂಟು ಹಾಕಿದ, ಹಬ್ಬದ ದಿನ ಅಂತ ಸುಮ್ಮನಾದ.

ಸಿದ್ದರಾಮು ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಕೇ ಕುಂಕುಮ ಇಡತೊಡಗಿದ. ನನ್ನ ಮೊರದ ಪದ್ಧತಿ ಅವನಿಗೆ ಬಾಯಿಪಾಠ. ಜೂನಿನ ಫಿಲ್ಟರು, ಆಗಸ್ಟಿನ ಫಿಲ್ಟರು, ಹಳೇ ಬೆಲ್ಟು. ಆಮೇಲೆ ತಲೆ ಎತ್ತಿ, ಏನೂ ಅರಿಯದವನ ಹಾಗೆ ಕೇಳಿದ:

"ಆಗಸ್ಟಲ್ಲಿ ತಗ್ದ ರಬ್ಬರ್ ಊವ ಎಲ್ಲಿ ಕಣ್ಲಾ? ಅದೂ ದುಡ್ದಿತ್ತಲ್ಲ."

ಎಲ್ಲೋ ಬಿದ್ದುಹೋಯಿತು ಅನ್ನಬಹುದಿತ್ತು. ನಂಬುತ್ತಿದ್ದ. ನಂಬುತ್ತಾನೆ ಎಂದು ಗೊತ್ತಿದ್ದದ್ದರಿಂದಲೇ ಆ ಮಾತು ಆಡಲಿಲ್ಲ. ಪೆಟ್ಟಿಗೆಯ ತಳದಿಂದ ಪೊಟ್ಟಣ ತೆಗೆದು ಮೊರಕ್ಕೆ ಸುರಿದೆ. ಮೂರೇ ಎಸಳಿನ ಚಕ್ರ, ಪಕ್ಕದಲ್ಲಿ ಮೂರು ತುಂಡು.

ಅವನು ತುಂಡನ್ನು ಎತ್ತಿ ಮುರಿದ ಜಾಗಕ್ಕೆ ಇಟ್ಟು ನೋಡಿದ. ಸರಿಯಾಗಿ ಕೂತಿತು.

"ಇದು ಆಗಸ್ಟಲ್ಲಿ ತಗ್ದದ್ದಾ?"

"ಅಲ್ಲ ಕಣ್ಲಾ. ನೀನು ಆಸ್ಪತ್ರೆಲಿದ್ದಾಗ ತಗ್ದದ್ದು. ಆಗಸ್ಟಲ್ಲಿ ನಾನು ಬದ್ಲಾಯ್ಸ್ಲಿಲ್ಲ. ಬರೀ ಗುರ್ತು ಆಕ್ದೆ. ನಿಂಗೂ ಸುಳ್ ಏಳ್ದೆ. ಇಂಜಿನ್ ನಿಂತದ್ದು ನನ್ನಿಂದ. ಪಾಚಿ ಇರ್ಲಿಲ್ಲ ನಾಗರಾಜಣ್ಣ. ಮುಳ್ಳು ಮೇಲಿದ್ದದ್ದೂ ಈ ತುಂಡಿಂದ. ಈಗ ಸರಿಯಾಗದೆ, ನೋಡ್ಕ ಬಾ."

ನಾಗರಾಜಣ್ಣ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದೂ ಹೆಚ್ಚಾಗಿರಲಿಲ್ಲ. ಕೊನೆಗೆ ಇಂಜಿನ್ ಕೋಣೆಯ ಬೀಗದಕೈಗೆ ಕೈ ಚಾಚಿದ. ಕೊಟ್ಟೆ. ತೋಳು ಕೂಡಿದ ದಿನ ಚಕ್ರ ಹಿಡಿಯಲು ಬಾ ಎಂದು ಸಿದ್ದರಾಮುವಿಗೆ ಹೇಳಿದ. ಸಿದ್ದರಾಮು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನನ್ನನ್ನೇ ನೋಡುತ್ತಿದ್ದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ನಾನು ಆ ಅವ್ವನ ಕಾಲಿಗ್ ಬಿದ್ನಲ್ಲ," ಅಂದ. "ಊರ್ ಜನದ್ ಮುಂದೆ ಬಿದ್ದೆ. ನೀನು ಬೈಕ್ ತಾವು ನಿಂತಿದ್ದೆ."

"ಊಂ."

"ಅದ ವಾಪಸ್ ಇಸ್ಕೊಡು."

ಅದನ್ನು ಹೇಗೆ ವಾಪಸ್ ತರುವುದು ಎಂದು ನಾನು ಕೇಳಲಿಲ್ಲ. ಬೈಕ್ ಹೊರಡಿಸಿದೆ. ಅವನು ಹಿಂದೆ ಹತ್ತಿ ಕೂತ. ಹಬ್ಬದ ದಿನ ಗಾಡಿ ಹೊರಗೆ ತೆಗೆಯಬಾರದು ಎಂದು ಯಾರೋ ಅಂದರು. ಎಲ್ಲೂ ನಿಲ್ಲದೆ ಯಲಿಯೂರಿಗೆ ಹೋದೆವು.

ಹೊಂಬಾಳಮ್ಮನ ಕೈ ಕಟ್ಟು ಬಿಚ್ಚಿದ್ದರು. ಬೆರಳು ಇನ್ನೂ ಮಡಚುತ್ತಿರಲಿಲ್ಲ. ಅವಳ ಕಾಲು ಹಿಡಿದು ಎಲ್ಲ ಹೇಳಿದೆ. ಇಂಜಿನ್ನು, ಪಂಪು ಅವಳಿಗೆ ಎಷ್ಟು ತಿಳಿಯಿತೋ ಕಾಣೆ. ಬದಲಿಸದೆ ಬದಲಿಸಿದೆ ಅಂದದ್ದು ಮಾತ್ರ ಪೂರ್ತಿ ತಿಳಿಯಿತು.

"ಅವತ್ತು ನಮ್ಮನೆ ಕಾಫಿ ಕುಡ್ಕಂಡು ಅಲ್ಲೇ ನಿಂತಿದ್ದೋನು ನೀನೇ ಅಲ್ವಾ?"

"ಊಂ ಕಣವ್ವ."

ಬೈಗುಳಕ್ಕೆ ಕಾದೆ. ಬರಲಿಲ್ಲ. ಸಿದ್ದರಾಮುವಿನ ಕಡೆ ತಿರುಗಿ, "ನೀನು ಜಗ್ಲಿ ಮ್ಯಾಕ್ ಬಾಪ್ಪ, ಕೂತ್ಕ. ಕಾಫಿ ಕೊಡ್ತರೆ" ಅಂದಳು. ಆಮೇಲೆ ಕೋಲು ಎಡಗೈಗೆ ತೆಗೆದುಕೊಂಡು ಎದ್ದಳು.

"ಬೋಟ್ ಓಡ್ಸೋನೇ ಕೆಡಿಸ್ದ ಅಂತ ನಾನು ಬೀದಿಗೆಲ್ಲ ಏಳ್ಬುಟ್ಟಿವ್ನಿ. ಕೈ ನೋಡಕ್ಕೆ ಬಂದೋರಿಗೆಲ್ಲ ಅದ್ನೇ ಏಳ್ದೆ. ಇಲ್ದ ಮಾತ ನನ್ ಬಾಯಲ್ಲಿ ಆಡಿಸ್ಬುಟ್ಟೆ ನೀನು. ನಡಿ, ನಾನು ಏಳಿರೋ ಒಂದೊಂದ್ ಮನೆಗೂ ನೀನೇ ಬಂದು ಏಳು."

ಅವಳು ಮುಂದೆ, ನಾನು ಹಿಂದೆ. ಮೊದಲ ಮನೆಯಲ್ಲಿ ಟ್ರಾಕ್ಟರಿಗೆ ಹಾರ ಹಾಕುತ್ತಿದ್ದರು. "ಇವ್ನು ಏನೋ ಏಳ್ತನಂತೆ, ಕೇಳಿ," ಅಂದಳು ಹೊಂಬಾಳಮ್ಮ. ನನ್ನ ಹೆಸರು ಮಹದೇವು, ಬೆಳಕವಾಡಿಯವನು, ಬೋಟಿನ ಇಂಜಿನ್ ಮೇಸ್ತ್ರಿ ಎಂದು ಶುರು ಮಾಡಿದೆ. ಅವರು ಆರತಿ ತಟ್ಟೆ ಹಿಡಿದೇ ಕೇಳಿಸಿಕೊಂಡರು. ಎರಡನೇ ಮನೆಯಲ್ಲಿ ಸೈಕಲ್ಲಿಗೆ ಪೂಜೆ. ಮೂರನೇ ಮನೆಯಲ್ಲಿ ಹೊಲಿಗೆ ಮಿಷನ್ನಿಗೆ. ಹೇಳುತ್ತಾ ಹೇಳುತ್ತಾ ಹಗುರಾಗುತ್ತದೆ ಎಂದು ಕೇಳಿದ್ದೆ. ಒಂದೊಂದು ಮನೆಗೂ ಮೊದಲಿಂದ ಹೇಳಬೇಕಾದವನಿಗೆ ಹಾಗೆ ಆಗುವುದಿಲ್ಲ.

ಮೂರನೇ ಮನೆಯ ಬಾಗಿಲಿನಿಂದ ಹಿಂದೆ ತಿರುಗಿ ನೋಡಿದೆ. ಸಿದ್ದರಾಮು ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಲೋಟ ಹಿಡಿದು ಕಾಫಿ ಕುಡಿಯುತ್ತಿದ್ದ. ನನ್ನ ಕಡೆ ನೋಡಲಿಲ್ಲ.

"ಇನ್ನ ಎಷ್ಟು ಮನೆ ಅವೆ ಕಣವ್ವ?" ಎಂದು ಕೇಳಿದೆ.

"ನಾನೇನ್ ಎಣಿಸ್ಕಂಡ್ ಏಳಿದ್ನಾ?" ಅಂದು ಅಜ್ಜಿ ನಾಲ್ಕನೇ ಮನೆಯ ಬಾಗಿಲು ಕೋಲಿನಿಂದ ತಟ್ಟಿದಳು.